ಗೀಸರ್ ತರುವ ಮೊದಲು ಗೋಡೆಯೊಳಗಿನ ವೈರ್ ನೋಡಿ

“ಇನ್‌ಸ್ಟಂಟ್ ಗೀಸರ್ ತಂದಿದ್ದೇವೆ, ಬಾತ್‌ರೂಮಿನಲ್ಲಿ ಈಗಾಗಲೇ ಇರುವ ಪ್ಲಗ್‌ಗೆ ಹಾಕಬಹುದಾ?” ಈ ಪ್ರಶ್ನೆ ಓದುಗರಿಂದ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. “ಗೀಸರ್ ಹೊಸದು, ಆದರೂ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಯಾಕೆ?” “ಎಂಸಿಬಿ ಪದೇ ಪದೇ ಬೀಳುತ್ತಿದೆ, ದೊಡ್ಡದು ಹಾಕಿಸಲಾ?” ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮೂರೂ ಪ್ರಶ್ನೆಗಳಲ್ಲಿ ನೋಡಬೇಕಾದದ್ದು ಬರೀ ಗೀಸರ್ ಅಲ್ಲ, ಅದಕ್ಕೆ ಕರೆಂಟ್ ತರುವ ಲೈನ್. ವೈರ್, ಎಂಸಿಬಿ, ಆರ್‌ಸಿಸಿಬಿ, ಅರ್ತಿಂಗ್ (ಈ ಪದಗಳ ಅರ್ಥ ಮುಂದೆ ಹೇಳುತ್ತೇನೆ) ಸರಿ ಇದ್ದರೆ ಗೀಸರ್ ಕೆಟ್ಟರೂ ಜೀವಕ್ಕೆ ಅಪಾಯ ತುಂಬಾ ಕಡಿಮೆ, ಸಾಮಾನ್ಯವಾಗಿ ಕರೆಂಟ್ ತಾನಾಗಿ ಕಡಿಯುತ್ತದೆ. ಲೈನ್ ಸರಿ ಇಲ್ಲದಿದ್ದರೆ ಎಷ್ಟು ಒಳ್ಳೆ ಗೀಸರ್ ತಂದರೂ ಪ್ರಯೋಜನ ಇಲ್ಲ. ಆದ್ದರಿಂದ ಲೈನ್ ಮೊದಲು, ಗೀಸರ್ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಕರೆಂಟಿನ ಇನ್‌ಸ್ಟಂಟ್ ಗೀಸರ್ ಬಗ್ಗೆ ಮಾತ್ರ. ಗ್ಯಾಸ್ ಗೀಸರ್‌ನ ಅಪಾಯಗಳೇ ಬೇರೆ. ಲೆಕ್ಕಗಳೆಲ್ಲ 230 ವೋಲ್ಟ್ ಸಿಂಗಲ್ ಫೇಸ್ ಮನೆಗೆ. ಇನ್ನೊಂದು ವಿಷಯ, ಡಿಬಿ ಬಿಚ್ಚುವುದು, ಹೊಸ ವೈರ್ ಎಳೆಯುವುದು, ಕನೆಕ್ಷನ್ ಕೊಡುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಏನು ಮಾಡಿಸಬೇಕು, ಏನು ಕೇಳಬೇಕು, ಮಾಡಿದ ಮೇಲೆ ಏನನ್ನು ನೋಡಬೇಕು ಅನ್ನುವುದು ನಿಮ್ಮ ಕೆಲಸ. ಈ ಬರಹ ಅದಕ್ಕೆ.

ಮೊದಲು ಕೆಲವು ಪದಗಳು

ಫೇಸ್ ಅಂದರೆ ಕರೆಂಟ್ ತರುವ ವೈರ್. ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರ್. ಅರ್ತಿಂಗ್ ವೈರ್‌ನಲ್ಲಿ ಎಲ್ಲ ಸರಿ ಇದ್ದಾಗ ಕರೆಂಟ್ ಹರಿಯುವುದಿಲ್ಲ. ಎಲ್ಲೋ ಸೋರಿದ ಕರೆಂಟ್ ಯಾರ ಮೈಗೂ ಹೋಗದೆ ಈ ದಾರಿಯಲ್ಲಿ ಹೋಗಲಿ ಅಂತ ಅದನ್ನು ಇಟ್ಟಿರುತ್ತಾರೆ. ಡಿಬಿ ಅಂದರೆ ಎಂಸಿಬಿಗಳು ಸಾಲಾಗಿ ಕೂತಿರುವ ಪೆಟ್ಟಿಗೆ. ಎಂಸಿಬಿ ವೈರನ್ನು ಕಾಯುತ್ತದೆ, ಕರೆಂಟ್ ಮಿತಿ ಮೀರಿದರೆ ಬೀಳುತ್ತದೆ. ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ, ಕರೆಂಟ್ ಸೋರಿದರೆ ಬೀಳುತ್ತದೆ. ಡಿಪಿ ಸ್ವಿಚ್ ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಸ್ವಿಚ್.

ಎಂಸಿಬಿಗೂ ಆರ್‌ಸಿಸಿಬಿಗೂ ಇರುವ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. “ನಮ್ಮ ಮನೇಲಿ ಎಂಸಿಬಿ ಇದೆ, ಶಾಕ್ ಹೊಡೆಯಲ್ಲ” ಅನ್ನುವವರು ತುಂಬಾ ಜನ ಇದ್ದಾರೆ. ಅದು ತಪ್ಪು. ಯಾಕೆ ಅಂತ 3ನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ವ್ಯಾಟ್ ನೋಡಿ, ಆಂಪ್ಸ್ ಲೆಕ್ಕ ಹಾಕಿ

ಸ್ಟೋರೇಜ್ ಗೀಸರ್‌ಗೆ ಸಮಯ ಇರುತ್ತದೆ. ತೊಟ್ಟಿಯ ನೀರನ್ನು ನಿಧಾನಕ್ಕೆ ಕಾಯಿಸುತ್ತದೆ. ಇನ್‌ಸ್ಟಂಟ್ ಗೀಸರ್‌ಗೆ ಆ ಸಮಯ ಇಲ್ಲ. ನೀರು ಹಾದು ಹೋಗುವಷ್ಟರಲ್ಲಿ ಬಿಸಿ ಮಾಡಬೇಕು. ನಿಮಿಷಕ್ಕೆ 3 ಲೀಟರ್ ನೀರು ಹರಿಯುತ್ತಿದ್ದರೆ 3 ಕಿಲೋವ್ಯಾಟ್ ಗೀಸರ್ ಅದನ್ನು ಸುಮಾರು 14 ಡಿಗ್ರಿ ಮಾತ್ರ ಬಿಸಿ ಮಾಡಬಲ್ಲದು. 4.5 ಕಿಲೋವ್ಯಾಟಿನದು ಸುಮಾರು 21 ಡಿಗ್ರಿ. ಅದಕ್ಕೇ ಜನ ದೊಡ್ಡದನ್ನು ಕೇಳುತ್ತಾರೆ. ವ್ಯಾಟ್ ಜಾಸ್ತಿ ಆದಷ್ಟೂ ವೈರ್ ಮೇಲಿನ ಹೊರೆ ಜಾಸ್ತಿ.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್ಸ್ ಸಿಗುತ್ತದೆ. 3000 ವ್ಯಾಟ್ ಅಂದರೆ 13 ಆಂಪ್ಸ್. 4500 ವ್ಯಾಟ್ ಅಂದರೆ ಹತ್ತಿರ ಹತ್ತಿರ 20 ಆಂಪ್ಸ್. 6000 ವ್ಯಾಟ್ ಅಂದರೆ 26, 8000 ಅಂದರೆ 35. ಗೀಸರ್ ಮೈಮೇಲಿನ ಲೇಬಲ್‌ನಲ್ಲಿ ವ್ಯಾಟ್ ಬರೆದಿರುತ್ತದೆ. ಡಬ್ಬದ ಮೇಲಿನ ಚಿತ್ರ ನಂಬಬೇಡಿ, ಲೇಬಲ್ ಓದಿ.

ಇಲ್ಲಿಗೆ ಮೊದಲ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಿತು. ಮೊಬೈಲ್ ಚಾರ್ಜರ್ ಹಾಕುವ 6 ಆಂಪ್ಸ್ ಪ್ಲಗ್‌ಗೆ ಯಾವ ಗೀಸರ್ ಕೂಡ ಹಾಕಬಾರದು. ದಪ್ಪ ಪಿನ್‌ನ 16 ಆಂಪ್ಸ್ ಪ್ಲಗ್‌ಗೆ 3 ಕಿಲೋವ್ಯಾಟ್ ತನಕ ಸರಿ. ಅದಕ್ಕಿಂತ ದೊಡ್ಡದಕ್ಕೆ ಪ್ಲಗ್ ಬೇಡವೇ ಬೇಡ. ಡಿಪಿ ಸ್ವಿಚ್‌ನಿಂದ ನೇರವಾಗಿ ಗೀಸರ್‌ಗೆ ವೈರ್ ಹೋಗಬೇಕು. ದಪ್ಪ ಪಿನ್ನನ್ನು ಸಣ್ಣ ಸಾಕೆಟ್‌ಗೆ ಕೂರಿಸುವ ಅಡಾಪ್ಟರ್, ಎಕ್ಸ್‌ಟೆನ್ಷನ್ ಬೋರ್ಡ್, ಮಲ್ಟಿಪ್ಲಗ್ ಯಾವುದನ್ನೂ ಗೀಸರ್ ಹತ್ತಿರ ತರಬೇಡಿ.

ಇಡೀ ಮನೆಯ ಮೇನ್ ಎಷ್ಟು ಆಂಪ್ಸ್ ತಡೆಯುತ್ತದೆ ಅಂತಲೂ ಕೇಳಿಕೊಳ್ಳಿ. ಗೀಸರ್, ಎಸಿ, ಇಸ್ತ್ರಿಪೆಟ್ಟಿಗೆ ಮೂರೂ ಒಟ್ಟಿಗೆ ನಡೆದರೆ ಮೇನ್ ಬೀಳಬಾರದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಗೀಸರ್ ಲೈನ್ ಅದರ ಮೇಲೆ ಹೋಗಬಾರದು.

ಹಂತ 2: ಗೀಸರ್‌ಗೇ ಅಂತ ಬೇರೆ ಲೈನ್

ಡಿಬಿಯಿಂದ ಗೀಸರ್ ತನಕ ಒಂದು ಲೈನ್ ಬರಬೇಕು. ಮಧ್ಯದಲ್ಲಿ ಎಲ್ಲೂ ಬೇರೆ ಸಾಕೆಟ್‌ಗೆ, ಲೈಟ್‌ಗೆ ಟ್ಯಾಪ್ ಕೊಟ್ಟಿರಬಾರದು. ವೈರ್ ತಾಮ್ರದ್ದಾಗಿರಬೇಕು. ಸಾಮಾನ್ಯವಾಗಿ ಹಾಕುವ ಸೈಜ್ ಹೀಗಿದೆ:

3 ಕಿಲೋವ್ಯಾಟ್: 2.5 ಸ್ಕ್ವೇರ್ ಎಂಎಂ ವೈರ್, 16 ಆಂಪ್ಸ್ ಎಂಸಿಬಿ.
4.5 ಕಿಲೋವ್ಯಾಟ್: 4 ಸ್ಕ್ವೇರ್ ಎಂಎಂ, 25 ಆಂಪ್ಸ್.
6 ಕಿಲೋವ್ಯಾಟ್: 6 ಸ್ಕ್ವೇರ್ ಎಂಎಂ, 32 ಆಂಪ್ಸ್.
8 ಕಿಲೋವ್ಯಾಟ್: 10 ಸ್ಕ್ವೇರ್ ಎಂಎಂ, 40 ಆಂಪ್ಸ್.

ಡಿಬಿ ದೂರ ಇದ್ದರೆ, ಒಂದೇ ಪೈಪಿನೊಳಗೆ ನಾಲ್ಕೈದು ಲೈನ್ ತುರುಕಿದ್ದರೆ, ಒಂದು ಸೈಜ್ ಮೇಲಕ್ಕೆ ಹೋಗಿ. ಗೀಸರ್ ಕಂಪನಿಯ ಪುಸ್ತಕದಲ್ಲಿ ಇದಕ್ಕಿಂತ ದಪ್ಪ ವೈರ್ ಹೇಳಿದ್ದರೆ ಅದನ್ನೇ ಹಾಕಿ.

ವೈರ್ ತೆಳುವಾದರೆ ಏನಾಗುತ್ತದೆ? ಡಿಬಿಯಿಂದ ಗೀಸರ್‌ಗೆ 15 ಮೀಟರ್ ಅಂದುಕೊಳ್ಳಿ. ಹೋಗಿ ಬರುವುದು ಸೇರಿ 30 ಮೀಟರ್ ತಾಮ್ರ. ಲೈಟಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವೈರ್ ಮೇಲೆ 4.5 ಕಿಲೋವ್ಯಾಟ್ ಗೀಸರ್ ನಡೆಸಿದರೆ ಆ ವೈರಿನಲ್ಲೇ ಸುಮಾರು 140 ವ್ಯಾಟ್ ಬಿಸಿ ಹುಟ್ಟುತ್ತದೆ. ಗೋಡೆಯೊಳಗೆ, ಗಾಳಿ ಆಡದ ಪೈಪಿನಲ್ಲಿ. ಅದೇ 4 ಸ್ಕ್ವೇರ್ ಎಂಎಂ ಇದ್ದರೆ ಸುಮಾರು 53 ವ್ಯಾಟ್ ಅಷ್ಟೇ, ಆ ವೈರ್ ದಪ್ಪಗಿರುವುದರಿಂದ ಅದನ್ನು ಆರಾಮಾಗಿ ತಡೆಯುತ್ತದೆ. ತೆಳು ವೈರ್ ಮೇಲಿನ ಪ್ಲಾಸ್ಟಿಕ್ ಒಂದೇ ದಿನದಲ್ಲಿ ಕರಗುವುದಿಲ್ಲ. ತಿಂಗಳುಗಟ್ಟಲೆ ಬೆಂದು, ಗಡುಸಾಗಿ, ಒಂದು ದಿನ ಬಿರುಕು ಬಿಡುತ್ತದೆ. “ಇಷ್ಟು ದಿನ ಏನೂ ಆಗಿರಲಿಲ್ಲ” ಅಂತ ಜನ ಹೇಳುವುದು ಇದಕ್ಕೇ.

ಈಗ ಎಂಸಿಬಿ ಪ್ರಶ್ನೆ. ನಿಯಮ ಒಂದೇ: ಗೀಸರ್ ಎಳೆಯುವ ಆಂಪ್ಸ್‌ಗಿಂತ ಎಂಸಿಬಿ ದೊಡ್ಡದಿರಬೇಕು, ವೈರ್ ತಡೆಯುವ ಆಂಪ್ಸ್‌ಗಿಂತ ಚಿಕ್ಕದಿರಬೇಕು. ಎಂಸಿಬಿ ಬೀಳುತ್ತಿದೆ ಅಂತ ವೈರ್ ಬದಲಾಯಿಸದೆ ಎಂಸಿಬಿ ಮಾತ್ರ ದೊಡ್ಡದು ಹಾಕಿದರೆ, ಮೊದಲು ಕಾವಲು ಇದ್ದ ವೈರ್‌ಗೆ ಈಗ ಯಾರೂ ಇಲ್ಲ. ಎಂಸಿಬಿ ಬೀಳುವುದು ನಿಂತುಹೋಗುತ್ತದೆ, ವೈರ್ ಸುಡುವುದು ಶುರುವಾಗುತ್ತದೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 16 ಆಂಪ್ಸ್ ಎಂಸಿಬಿ ಅಂದರೆ 16 ದಾಟಿದ ತಕ್ಷಣ ಬೀಳುತ್ತದೆ ಅಂತಲ್ಲ. 18 ಆಂಪ್ಸ್ ಹರಿದರೆ ಒಂದು ಗಂಟೆಯವರೆಗೂ ಬೀಳದೇ ಇರಬೇಕು ಅಂತಲೇ ಅದನ್ನು ಮಾಡಿರುತ್ತಾರೆ. ಒಂದು ಗಂಟೆಯೊಳಗೆ ಬಿದ್ದೇ ಬೀಳಬೇಕು ಅನ್ನುವ ಗುರುತು ಸುಮಾರು 23 ಆಂಪ್ಸ್. ಹಾಗಾಗಿ 20 ಆಂಪ್ಸ್ ಎಳೆಯುವ ಗೀಸರ್ ಹತ್ತು ನಿಮಿಷ ನಡೆದು ಎಂಸಿಬಿ ಬೀಳಲಿಲ್ಲ ಅಂದರೆ “ಲೈನ್ ತಡೆಯುತ್ತದೆ” ಅಂತ ಅರ್ಥ ಅಲ್ಲ.

ಹಂತ 3: ಅರ್ತಿಂಗ್ ನಿಜಕ್ಕೂ ಇದೆಯಾ?

ಸಮಯ ಕಡಿಮೆ ಇದ್ದರೆ ಉಳಿದದ್ದು ಬಿಟ್ಟು ಈ ಭಾಗ ಓದಿ.

ಗೀಸರ್ ಒಳಗಿನ ಎಲಿಮೆಂಟ್ ಅಂದರೆ ಒಂದು ಲೋಹದ ಕೊಳವೆ. ಅದರ ನಡುವೆ ಕಾಯುವ ಸುರುಳಿ ತಂತಿ, ತಂತಿಗೂ ಕೊಳವೆಗೂ ನಡುವೆ ಕರೆಂಟ್ ಹರಿಯಬಿಡದ ಬಿಳಿ ಪುಡಿ ತುಂಬಿರುತ್ತದೆ. ಗಡಸು ನೀರಿದ್ದರೆ ಕೊಳವೆಯ ಮೇಲೆ ಸುಣ್ಣದಂಥ ಪದರ ಕಟ್ಟಿ, ಬಿಸಿ ಹೊರಗೆ ಹೋಗಲಾಗದೆ ಕೊಳವೆ ಒಂದು ದಿನ ಸೀಳುತ್ತದೆ. ಆಗ ನೀರು ಒಳಗೆ ಹೋಗುತ್ತದೆ, ಕರೆಂಟ್ ನೀರಿಗೆ ಬರುತ್ತದೆ. ಆ ನೀರು ನಿಮ್ಮ ತಲೆ ಮೇಲೆ ಬೀಳುತ್ತಿರುತ್ತದೆ.

ಅರ್ತಿಂಗ್ ಇದ್ದರೆ ಆ ಕರೆಂಟ್ ಎಲಿಮೆಂಟಿನ ಲೋಹದಿಂದಲೇ ಹಸಿರು ಅರ್ತ್ ವೈರ್ ಹಿಡಿದು ಹೋಗುತ್ತದೆ, ಡಿಬಿಯಲ್ಲಿ ಆರ್‌ಸಿಸಿಬಿ, ಸೋರಿಕೆ ದೊಡ್ಡದಾದರೆ ಎಂಸಿಬಿ ಕೂಡ ಬೀಳುತ್ತದೆ. ಇಲ್ಲದಿದ್ದರೆ ನೀರು, ನಲ್ಲಿ, ಶವರ್ ಎಲ್ಲದರಲ್ಲೂ ಕರೆಂಟ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿ.

ಎಂಸಿಬಿ ಆಗ ಯಾಕೆ ಬೀಳುವುದಿಲ್ಲ ನೋಡಿ. ಒದ್ದೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟಿಗೆ 0.23 ಆಂಪ್ಸ್ ಹರಿಯುತ್ತದೆ. 16 ಆಂಪ್ಸ್‌ಗೆ ಕಾಯುತ್ತಿರುವ ಎಂಸಿಬಿಗೆ ಅದು 53 ವ್ಯಾಟ್ ಬಲ್ಬ್ ಹತ್ತಿದ ಹಾಗೆ, ಲೆಕ್ಕಕ್ಕೇ ಇಲ್ಲ. ಮನುಷ್ಯನ ಎದೆಬಡಿತ ನಿಲ್ಲಿಸಲು ಅದರ ಅರ್ಧಕ್ಕಿಂತ ಕಡಿಮೆ ಸಾಕು.

“ನಮ್ಮದು ಪ್ಲಾಸ್ಟಿಕ್ ಬಾಡಿ, ಅರ್ತಿಂಗ್ ಯಾಕೆ?” ಅಂತ ಕೇಳುತ್ತಾರೆ. ನೀವು ಬಾಡಿ ಮುಟ್ಟಿ ಸ್ನಾನ ಮಾಡುವುದಿಲ್ಲ, ನೀರು ಮುಟ್ಟಿ ಮಾಡುತ್ತೀರಿ. ಪ್ಲಾಸ್ಟಿಕ್ ಬಾಡಿ ಒಳಗೂ ಎಲಿಮೆಂಟ್ ಅದೇ.

ಅರ್ತಿಂಗ್ ವಿಷಯದಲ್ಲಿ ಮೂರು ಮೋಸಗಳು ಕಾಣುತ್ತವೆ.

ಮೊದಲನೆಯದು, ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಮುಂದಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ.

ಎರಡನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅರ್ತಿಂಗ್ ವೈರ್ ಇಲ್ಲ ಅಂತ ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಅರ್ತ್ ಪಿನ್‌ಗೆ ಸೇರಿಸಿಬಿಡುತ್ತಾರೆ. ಟೆಸ್ಟ್ ಮಾಡಿದರೆ ಎಲ್ಲ ಸರಿ ತೋರಿಸುತ್ತದೆ. ಆದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರ್ ಬಿಟ್ಟುಹೋಯಿತು ಅಂದುಕೊಳ್ಳಿ. ಸ್ವಿಚ್ ಹಾಕಿದ ತಕ್ಷಣ ಫೇಸ್ ಕರೆಂಟ್ ಎಲಿಮೆಂಟ್ ದಾಟಿ ನ್ಯೂಟ್ರಲ್‌ಗೆ ಬಂದು, ಅಲ್ಲಿಂದ ಆ ತುಂಡು ವೈರ್ ಮೂಲಕ ಅರ್ತ್ ಪಿನ್‌ಗೆ ಬಂದು, ಗೀಸರ್‌ನ ಲೋಹಕ್ಕೆಲ್ಲ 230 ವೋಲ್ಟ್ ಬರುತ್ತದೆ. ಗೀಸರ್ ಏನೂ ಕೆಟ್ಟಿರುವುದಿಲ್ಲ. ಹೊಸ ಗೀಸರ್ ಕೂಡ ಹೀಗೆ ಕೊಲ್ಲಬಲ್ಲದು. ಇನ್ನೂ ಒಂದು, ಎಲಿಮೆಂಟ್ ಸೋರಿದರೂ ಆ ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗುವುದರಿಂದ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು, ನೀರಿನ ಪೈಪ್‌ಗೆ ಅರ್ತ್ ವೈರ್ ಸುತ್ತುವುದು. ಮಧ್ಯದಲ್ಲಿ ಒಂದು ತುಂಡು ಪ್ಲಾಸ್ಟಿಕ್ ಪೈಪ್ ಇದ್ದರೂ ಅದು ನೆಲ ಸೇರುವುದಿಲ್ಲ. ಬದಲಿಗೆ ಮನೆಯ ಬೇರೆ ನಲ್ಲಿಗಳಿಗೂ ಕರೆಂಟ್ ಹಂಚುತ್ತದೆ.

ಪರೀಕ್ಷೆ ಹೇಗೆ? ಸ್ಕ್ರೂಡ್ರೈವರ್ ಥರದ ಟೆಸ್ಟರ್ ಫೇಸ್ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಅರ್ತಿಂಗ್ ಬಗ್ಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಇಟ್ಟು ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟ್. ಫೇಸ್–ಅರ್ತ್ ನಡುವೆ 60, 90, 120 ಅಂತ ಅಲ್ಲಾಡುವ ಅಂಕಿ ಬಂದರೆ ಅರ್ತ್ ವೈರ್ ಎಲ್ಲಿಗೂ ಸೇರಿಲ್ಲ. ದೊಡ್ಡ ಲೋಡ್ ಹಾಕಿದಾಗಲೂ ನ್ಯೂಟ್ರಲ್–ಅರ್ತ್ ನಡುವೆ ಸೊನ್ನೆಯೇ ಇದ್ದರೆ ಸಂಶಯ ಪಡಿ. ಸಾಕೆಟ್ ಬಿಚ್ಚಿಸಿ, ಹಿಂದೆ ಆ ತುಂಡು ವೈರ್ ಇದೆಯಾ ಅಂತ ಕಣ್ಣಾರೆ ನೋಡಿ.

ಅಳತೆ ಸರಿ ಬಂದರೂ ಕೆಲಸ ಮುಗಿಯಲಿಲ್ಲ. ಮಲ್ಟಿಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಒಂದೇ ಒಂದು ಎಳೆ ತಾಮ್ರದಲ್ಲಿ ನೇತಾಡುತ್ತಿರುವ ಅರ್ತ್ ಕೂಡ ಅದಕ್ಕೆ ಸರಿಯಾಗೇ ಕಾಣುತ್ತದೆ. ಅರ್ತ್ ದಾರಿ ನಿಜವಾದ ದೋಷದ ಕರೆಂಟನ್ನು ಹೊರುತ್ತದಾ ಅಂತ ನೋಡಲು ಲೂಪ್ ಟೆಸ್ಟರ್ ಅನ್ನುವ ಬೇರೆ ಮೀಟರ್ ಇದೆ. ಅದು ಇರುವ ಎಲೆಕ್ಟ್ರಿಷಿಯನ್‌ರನ್ನೇ ಹುಡುಕಿ ಕರೆಸಿ. ಹಳೆ ಮನೆ ಆದರೆ ಇದನ್ನು ತಪ್ಪಿಸಲೇಬೇಡಿ.

ನಲ್ಲಿ ಮುಟ್ಟಿದರೆ ಜುಮ್ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅರ್ತ್ ಬಿಟ್ಟಿದೆ, ಅಥವಾ ನ್ಯೂಟ್ರಲ್ ಸೇರಿಸಿದ್ದಾರೆ, ಅಥವಾ ಎಲಿಮೆಂಟ್ ಸೋರುತ್ತಿದೆ ಮತ್ತು ಅರ್ತ್ ಇಲ್ಲ. “ಸಣ್ಣ ಶಾಕ್, ಪರವಾಗಿಲ್ಲ” ಅನ್ನಬೇಡಿ. ಇವತ್ತು ಚಪ್ಪಲಿ ಹಾಕಿದ್ದಿರಿ, ಕೈ ಒಣಗಿತ್ತು, ಅದಕ್ಕೆ ಸಣ್ಣದು. ತಕ್ಷಣ ಡಿಬಿಯಲ್ಲಿ ಆಫ್ ಮಾಡಿ, ಸರಿ ಮಾಡಿಸುವವರೆಗೂ ಹಾಕಬೇಡಿ.

ಹಂತ 4: ಆರ್‌ಸಿಸಿಬಿ

ಇದು ಕೆಲಸ ಮಾಡುವ ರೀತಿ ಸರಳ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ನೋಡುತ್ತಲೇ ಇರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರಿದೆ ಅಂತ ಅರ್ಥ, ಕಡಿದುಬಿಡುತ್ತದೆ. ಮನುಷ್ಯರ ರಕ್ಷಣೆಗೆ 30 ಮಿಲಿ ಆಂಪ್ಸ್‌ನದು ಬೇಕು. 100, 300 ಅಂತ ಬರೆದವು ಬೆಂಕಿ ತಡೆಯಲು, ಮೈ ಕಾಯುವುದಕ್ಕಲ್ಲ. 30 ಮಿಲಿ ಆಂಪ್ಸ್ ಸೋರಿದರೆ ಅದು 0.3 ಸೆಕೆಂಡಿನೊಳಗೆ ಬೀಳಬೇಕು, 150 ಸೋರಿದರೆ 0.04 ಸೆಕೆಂಡಿನೊಳಗೆ.

“ಆರ್‌ಸಿಸಿಬಿ ಇದೆಯಲ್ಲ, ಅರ್ತಿಂಗ್ ಇಲ್ಲದಿದ್ದರೂ ನಡೆಯುತ್ತೆ ಅಲ್ವಾ?” ಇಲ್ಲ. ಅರ್ತಿಂಗ್ ಇದ್ದರೆ ಎಲಿಮೆಂಟ್ ಸೋರಿದ ಕ್ಷಣವೇ ಬೀಳುತ್ತದೆ, ಬಾತ್‌ರೂಮಿನಲ್ಲಿ ಯಾರೂ ಇಲ್ಲದಿದ್ದರೂ. ಅರ್ತಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಶಾಕ್ ಹೊಡೆದ ಮೇಲೆ ಬೀಳುತ್ತದೆ. ಎರಡೂ ಬೇಕು.

ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ, ಅದಕ್ಕೆ ಎಂಸಿಬಿ ಇರಲೇಬೇಕು. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಓ ಸಿಗುತ್ತದೆ. ಗೀಸರ್ ಲೈನ್‌ಗೆ ಅದನ್ನು ಹಾಕಿಸುವುದು ನನ್ನ ಪ್ರಕಾರ ಒಳ್ಳೆಯದು. ಗೀಸರ್ ಸೋರಿದರೆ ಅದರ ಲೈನ್ ಮಾತ್ರ ಹೋಗುತ್ತದೆ, ಇಡೀ ಮನೆ ಕತ್ತಲಾಗುವುದಿಲ್ಲ. ಇಡೀ ಮನೆ ಕತ್ತಲಾಗುವ ಕಿರಿಕಿರಿಗೇ ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಿರುತ್ತಾರೆ.

ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ಈ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ತಿಂಗ್ ಸರಿ ಇದೆಯಾ ಅಂತ ಹೇಳುವುದಿಲ್ಲ.

ಹಂತ 5: ಜಾಗ ಮತ್ತು ಸ್ವಿಚ್

ಸ್ವಿಚ್ ಬಾತ್‌ರೂಮಿನ ಹೊರಗಿರಲಿ. ಒದ್ದೆ ಕೈಯಲ್ಲಿ ಮುಟ್ಟುವ ಸಂದರ್ಭವೇ ಬರಬಾರದು. ಅದು ಡಿಪಿ ಸ್ವಿಚ್ ಆಗಿರಲಿ. ಮಾಮೂಲಿ ಸ್ವಿಚ್ ಒಂದೇ ವೈರ್ ಕಡಿಯುತ್ತದೆ. ಎಲ್ಲೋ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಗೀಸರ್ ಒಳಗೆ ಫೇಸ್ ಇದ್ದೇ ಇರುತ್ತದೆ.

ಗೀಸರ್ ಶವರ್‌ಗೆ ನೇರವಾಗಿ ಸಿಗುವ ಹಾಗೆ ಕೂರಿಸಬೇಡಿ. ಅಂತರರಾಷ್ಟ್ರೀಯ ವೈರಿಂಗ್ ನಿಯಮಗಳು ಬಾತ್‌ರೂಮನ್ನು ವಲಯಗಳಾಗಿ ಭಾಗ ಮಾಡುತ್ತವೆ. ಟಬ್ ಅಥವಾ ಶವರ್ ತಟ್ಟೆಯ ಮೇಲಿನ ಜಾಗ ನೆಲದಿಂದ 2.25 ಮೀಟರ್ ಎತ್ತರದವರೆಗೂ ಒಂದು ವಲಯ, ಅದರಿಂದ ಆಚೆ 0.6 ಮೀಟರ್ ಇನ್ನೊಂದು. ಕೆಳಗೆ ತಟ್ಟೆ ಇಲ್ಲದ ಬರೀ ಶವರ್ ಆದರೆ ಅದರ ಸುತ್ತ 1.2 ಮೀಟರ್. ಈ ಜಾಗದಲ್ಲಿ ಮಾಮೂಲಿ ಸಾಕೆಟ್ ಇರಲೇಬಾರದು. ಗೀಸರ್ ಅಲ್ಲೇ ಬರಬೇಕಾದರೆ ಲೇಬಲ್‌ನಲ್ಲಿ ಐಪಿಎಕ್ಸ್4 ಅಥವಾ ಅದಕ್ಕಿಂತ ಮೇಲಿನದು ಇದೆಯಾ ನೋಡಿ. 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ, 5 ಅಂದರೆ ಪೈಪಿನಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ಸಾಕೆಟ್ ಗೀಸರ್‌ನ ನೇರ ಕೆಳಗೆ ಬರಬಾರದು. ನೀರು ಸೋರಿದರೆ ಮೊದಲು ಬೀಳುವುದು ಅಲ್ಲಿಗೇ.

ಗೋಡೆಗೆ ತೂತು ಕೊರೆಯುವ ಮುಂಚೆ ವೈರ್ ಪೈಪ್ ಎಲ್ಲಿ ಓಡಿದೆ ಅಂತ ತಿಳಿದುಕೊಳ್ಳಿ.

ಹಂತ 6: ಗೋಡೆಗೆ ಏರಿಸುವ ಮುಂಚೆ ಗೀಸರ್‌ಗೆ ಮೀಟರ್ ಹಿಡಿಯಿರಿ

ಗೀಸರ್ ಇನ್ನೂ ಡಬ್ಬದಲ್ಲಿರುವಾಗಲೇ, ಕರೆಂಟ್‌ಗೆ ಸೇರಿಸದೆ, ಪ್ಲಗ್‌ನ ಪಿನ್‌ಗಳಲ್ಲಿ (ಪ್ಲಗ್ ಇಲ್ಲದ ದೊಡ್ಡ ಗೀಸರ್ ಆದರೆ ವೈರ್ ತುದಿಗಳಲ್ಲಿ) ಓಮ್ ಅಳೆಯಬಹುದು. ಇದನ್ನು ನೀವೇ ಮಾಡಬಹುದು. ಫೇಸ್–ನ್ಯೂಟ್ರಲ್ ಪಿನ್ ನಡುವೆ 3 ಕಿಲೋವ್ಯಾಟಿನದಕ್ಕೆ ಸುಮಾರು 17 ಅಥವಾ 18 ಓಮ್, 4.5ಕ್ಕೆ 12, 6ಕ್ಕೆ 9 ಬರಬೇಕು. ನೀರು ಹರಿದಾಗ ಮಾತ್ರ ಆನ್ ಆಗುವ ಫ್ಲೋ ಸ್ವಿಚ್ ಇರುವ ಮಾಡೆಲ್ ಆದರೆ ಈ ಅಂಕಿ ಕಾಣಿಸುವುದಿಲ್ಲ, ಗಾಬರಿ ಬೇಡ. ಅರ್ತ್ ಪಿನ್‌ಗೂ ಒಳಗಿನ ಲೋಹಕ್ಕೂ (ನೀರಿನ ಪೈಪ್ ಸೇರುವ ಲೋಹದ ಮೂತಿ ಇದ್ದರೆ ಅದಕ್ಕೆ) ಒಂದು ಓಮ್‌ಗಿಂತ ಕಡಿಮೆ. ಫೇಸ್ ಪಿನ್‌ಗೂ ಅರ್ತ್ ಪಿನ್‌ಗೂ, ನ್ಯೂಟ್ರಲ್‌ಗೂ ಅರ್ತ್‌ಗೂ ಏನೂ ಬರಬಾರದು. ಅಲ್ಲಿ ಸಣ್ಣ ಅಂಕಿ ಬಂದರೆ ಗೀಸರ್ ವಾಪಸ್ ಕೊಡಿ. ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ ಇನ್ನೂ ಒಳ್ಳೆಯದು. ಸೋರಿಕೆಯನ್ನು ಅದು ಸರಿಯಾಗಿ ಹಿಡಿಯುತ್ತದೆ.

ಹಂತ 7: ಕನೆಕ್ಷನ್, ಅಂದರೆ ಸ್ಕ್ರೂ ಕೆಳಗಿನ ಕಥೆ

ನಮ್ಮ ಮನೆಯ ಹಳೆ ಗೀಸರ್ ಪ್ಲಗ್ ಒಮ್ಮೆ ಬಿಚ್ಚಿದಾಗ ಒಂದು ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಸ್ಕ್ರೂ ಬೆರಳಲ್ಲೇ ತಿರುಗಿತು. ಎಂಸಿಬಿ ಒಂದು ಸಲವೂ ಬಿದ್ದಿರಲಿಲ್ಲ. ಯಾಕೆ ಅಂದರೆ ಲೂಸ್ ಕಾಂಟ್ಯಾಕ್ಟಿನಲ್ಲಿ ಕರೆಂಟ್ ಜಾಸ್ತಿ ಆಗುವುದಿಲ್ಲ. ಅರ್ಧ ಓಮ್ ತಡೆ ಇರುವ ಲೂಸ್ ಜಾಯಿಂಟಿನಲ್ಲಿ 13 ಆಂಪ್ಸ್ ಹರಿದರೆ ಆ ಒಂದು ಬಿಂದುವಿನಲ್ಲೇ 85 ವ್ಯಾಟ್ ಬಿಸಿ. ಬೆಸುಗೆ ಹಾಕುವ 25 ವ್ಯಾಟ್ ಕಡ್ಡಿ ಸೀಸ ಕರಗಿಸುತ್ತದೆ. ಹಾಗಾದರೆ ಇದು ಏನು ಮಾಡುತ್ತದೆ ಅಂತ ಊಹಿಸಿ. ಎಂಸಿಬಿಗೂ ಗೊತ್ತಾಗುವುದಿಲ್ಲ, ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕೈ ಕೆಲಸವೇ ರಕ್ಷಣೆ.

ಎಲೆಕ್ಟ್ರಿಷಿಯನ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಇವನ್ನು ನೋಡಿ. ವೈರ್ ಸುಲಿಯುವಾಗ ಎಳೆಗಳು ಕತ್ತರಿಸಬಾರದು. ಸ್ಕ್ರೂಗೆ ಹಿಡಿಸಲು ನಾಲ್ಕು ಎಳೆ ಕತ್ತರಿಸಿ ತೆಳು ಮಾಡುವುದು ಸರಿಯಲ್ಲ. ತುದಿಗೆ ಲಗ್ ಅನ್ನುವ ಲೋಹದ ತೊಡಪು ಒತ್ತಿ ಕೂರಿಸಿದರೆ ಚೆಂದ. ಸ್ಕ್ರೂ ಕೆಳಗೆ ತಾಮ್ರ ಮಾತ್ರ ಇರಬೇಕು, ಪ್ಲಾಸ್ಟಿಕ್ ಸಿಕ್ಕಿಕೊಂಡಿರಬಾರದು. ಹಾಗೇ ಸ್ಕ್ರೂ ಆಚೆ ಬೆತ್ತಲೆ ತಾಮ್ರ ಇಣುಕಬಾರದು. ಟೈಟ್ ಮಾಡಿದ ಮೇಲೆ ವೈರ್ ಹಿಡಿದು ಒಮ್ಮೆ ಗಟ್ಟಿಯಾಗಿ ಎಳೆಯಬೇಕು. ಅರ್ತ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟು ಒಳಗೆ ಬಾಗಿಸಿ ಇಡಬೇಕು. ಯಾರಾದರೂ ವೈರ್ ಜಗ್ಗಿದರೆ ಫೇಸ್ ಮೊದಲು ಬಿಟ್ಟುಕೊಳ್ಳಲಿ, ಅರ್ತ್ ಕೊನೆಗೆ. ಗೋಡೆಯೊಳಗೆ, ಪೈಪಿನ ಮಧ್ಯೆ, ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಎಲ್ಲೂ ಇರಬಾರದು. ಹಳೆ ಮನೆಯಲ್ಲಿ ಅಲ್ಯೂಮಿನಿಯಂ ವೈರ್ ಇದ್ದರೆ ಅದಕ್ಕೆ ತಾಮ್ರ ತಿರುಚಿ ಸೇರಿಸಬೇಡಿ. ಆ ಜಾಯಿಂಟ್ ಬೇಗ ಕಿಲುಬು ಹಿಡಿದು ಲೂಸ್ ಆಗುತ್ತದೆ. ಹೊಸ ಲೈನೇ ಎಳೆಸಿ.

ಹಂತ 8: ಮೊದಲು ನೀರು, ಆಮೇಲೆ ಕರೆಂಟ್

ಸ್ವಿಚ್ ಆಫ್ ಇರಲಿ. ನೀರು ಬಿಡಿ, ಬಿಸಿನೀರಿನ ನಲ್ಲಿ ತೆರೆಯಿರಿ. ಮೊದಲು ಗಾಳಿ ಸೇರಿ ಬುಸ್ ಬುಸ್ ಅನ್ನುತ್ತದೆ. ಒಂದೇ ಧಾರೆಯಾಗಿ ಬರುವ ತನಕ ಕಾಯಿರಿ. ಖಾಲಿ ಗೀಸರ್‌ಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ನೋಡುನೋಡುತ್ತಲೇ ಸುಟ್ಟು ಸೀಳಬಹುದು. ಪೈಪ್ ಸೇರುವ ಕಡೆ ಸೋರುತ್ತಿದೆಯಾ ನೋಡಿ, ಒರೆಸಿ. ನೀರು ಹೊರಹೋಗುವ ಕಡೆ ವಾಲ್ವ್ ಹಾಕಬಾರದು ಅಂತ ಪುಸ್ತಕದಲ್ಲಿ ಹೇಳಿದ್ದರೆ ಹಾಕಲೇಬೇಡಿ, ಹೆಚ್ಚಾದ ಒತ್ತಡಕ್ಕೆ ದಾರಿ ಬೇಕು.

ಈಗ ಒಣ ಕೈಯಲ್ಲಿ ಸ್ವಿಚ್ ಹಾಕಿ. ಎಲೆಕ್ಟ್ರಿಷಿಯನ್ ಇನ್ನೂ ಅಲ್ಲೇ ಇರುವಾಗ ಹತ್ತು ನಿಮಿಷ ನಡೆಸಿ. ನೀರು ಹರಿಯುತ್ತಿರುವಾಗ ಲೋಹದ ನಲ್ಲಿಗೂ ಅರ್ತ್‌ಗೂ ನಡುವೆ ವೋಲ್ಟ್ ಅಳೆಸಿ, ಸೊನ್ನೆಯ ಹತ್ತಿರ ಇರಬೇಕು. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಇದ್ದರೆ ಕಿತ್ತು ಪಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ ಹಿಡಿತ ಸಡಿಲ, ಬದಲಾಯಿಸಿ. ಕೊನೆಗೆ ಆರ್‌ಸಿಸಿಬಿ ಟೆಸ್ಟ್ ಗುಂಡಿ ಒತ್ತಿ, ಗೀಸರ್ ಲೈನ್ ಹೋಗುತ್ತದಾ ನೋಡಿ.

ಯಾರಿಗಾದರೂ ಶಾಕ್ ಹೊಡೆದರೆ

ಇದನ್ನು ಮನೆಯವರೆಲ್ಲರಿಗೂ ಹೇಳಿಕೊಡಿ. ಓಡಿಹೋಗಿ ಅವರನ್ನು ಹಿಡಿಯಬೇಡಿ. ಮೊದಲು ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವರನ್ನು ದೂರ ತಳ್ಳಿ, ನೀವು ಒಣ ನೆಲದ ಮೇಲೆ ನಿಂತಿರಿ. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ. ಎಚ್ಚರ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಿ, ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಶಾಕ್ ಹೊಡೆದವರು ಎದ್ದು ಕೂತು ಚೆನ್ನಾಗಿದ್ದೇನೆ ಅಂದರೂ ಡಾಕ್ಟರ್‌ಗೆ ತೋರಿಸಿ. ಎದೆಬಡಿತದ ತೊಂದರೆ ಹೊರಗೆ ಕಾಣುವುದಿಲ್ಲ.

ಹಾಕಿಸಿದ ಮೇಲೆ

ಎರಡು ವಾರ ಬಿಟ್ಟು ಎಲೆಕ್ಟ್ರಿಷಿಯನ್‌ರನ್ನು ಇನ್ನೊಮ್ಮೆ ಕರೆಸಿ, ಮೇನ್ ಆಫ್ ಮಾಡಿಸಿ, ಎಲ್ಲ ಸ್ಕ್ರೂ ಮತ್ತೆ ಟೈಟ್ ಮಾಡಿಸಿ. ಬಿಸಿಯಾಗಿ ತಣ್ಣಗಾಗಿ ತಾಮ್ರ ಸ್ವಲ್ಪ ಕೂತಿರಬಹುದು, ಆಗ ಸ್ಕ್ರೂ ಇನ್ನೂ ಸ್ವಲ್ಪ ತಿರುಗುತ್ತದೆ. ಸಾಕೆಟ್ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ ವಾಸನೆ, ಸ್ವಿಚ್‌ನಿಂದ ಚರ್ ಚರ್ ಸದ್ದು ಕಂಡರೆ, ಕೇಳಿದರೆ ಅವತ್ತೇ ನಿಲ್ಲಿಸಿ. ಬಕೆಟ್ ತುಂಬಿಸಿ ಸ್ನಾನ ಮಾಡುವವರು ತುಂಬಿದ ಮೇಲೆ ಸ್ವಿಚ್ ಆಫ್ ಮಾಡಿಯೇ ಒಳಗೆ ಹೋಗಿ. ಗಡಸು ನೀರಿದ್ದರೆ ವರ್ಷಕ್ಕೊಮ್ಮೆ ಎಲಿಮೆಂಟ್ ತೆಗೆಸಿ ಪದರ ಕೆರೆಸಿ. ಆಗಲೇ 6ನೇ ಹಂತದ ಓಮ್ ಅಳತೆಯನ್ನೂ ಮತ್ತೆ ಮಾಡಿಸಿ.

ಡಿಬಿ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ: ಗೀಸರ್ ಎಷ್ಟು ವ್ಯಾಟ್, ವೈರ್ ಎಷ್ಟು ಸ್ಕ್ವೇರ್ ಎಂಎಂ, ಎಂಸಿಬಿ ಎಷ್ಟು, ಅರ್ತಿಂಗ್ ನೋಡಿಸಿದ ತಾರೀಖು ಯಾವುದು. ಮುಂದೆ ಯಾರಾದರೂ ಇದಕ್ಕಿಂತ ದೊಡ್ಡ ಗೀಸರ್ ತಂದು “ಇದೇ ಲೈನ್‌ಗೆ ಹಾಕಿಬಿಡಿ” ಅಂದಾಗ, ಬಂದ ಎಲೆಕ್ಟ್ರಿಷಿಯನ್ ಮೊದಲು ನೋಡುವುದು ಆ ಚೀಟಿಯನ್ನೇ.